ಈ ಟೇಬಲ್ ನಿಜವಾಗಿ ಲಾಗ್ ಫಂಕ್ಷನ್ನೇ? ಅನುಮಾನ ಬಂದಾಗ ಪತ್ತೆ ಹಚ್ಚುವ ಕೈಪಿಡಿ

ಎರಡು ಕಾಲಂ ಇರುವ ಟೇಬಲ್ ಒಂದು ಮುಂದಿದೆ ಅಂದುಕೊಳ್ಳಿ. ಎಡಗಡೆ ಎಕ್ಸ್, ಬಲಗಡೆ ವೈ. ವೈ ಮೊದಮೊದಲು ಜೋರಾಗಿ ಏರುತ್ತದೆ, ಬರಬರುತ್ತಾ ನಿಧಾನ ಆಗುತ್ತದೆ. ಇಷ್ಟು ನೋಡಿದ್ದೇ ತಡ, ಎಷ್ಟೋ ಜನ "ಲಾಗ್ ಫಂಕ್ಷನ್" ಅಂತ ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ತಪ್ಪು ಶುರುವಾಗುವುದೇ ಇಲ್ಲಿ. ನಿಧಾನ ಆಗುತ್ತಾ ಏರುವುದು ಲಾಗ್‌ನ ಗುಣ ಹೌದು, ಆದರೆ ವರ್ಗಮೂಲವೂ ಹಾಗೇ ಏರುತ್ತದೆ, ಚಾರ್ಜ್ ಆಗುತ್ತಿರುವ ಕೆಪಾಸಿಟರ್‌ನ ವೋಲ್ಟೇಜೂ ಹಾಗೇ ಏರುತ್ತದೆ. ಉಲ್ಟಾ ತಪ್ಪೂ ಇದೆ. ನಿಜವಾದ ಲಾಗ್ ಟೇಬಲ್ಲನ್ನು "ವೈ ಇಳಿಯುತ್ತಿದೆ, ಹಾಗಾಗಿ ಅಲ್ಲ" ಅಂತಲೋ, "ಎಕ್ಸ್‌ನಲ್ಲಿ ಸೊನ್ನೆ ಇದೆ, ಹಾಗಾಗಿ ಅಲ್ಲ" ಅಂತಲೋ ತಳ್ಳಿಹಾಕುತ್ತಾರೆ.

ಈ ಎರಡೂ ಬಗೆಯ ತಪ್ಪನ್ನು ಕಾಗದ ಪೆನ್ನಿನಲ್ಲೇ ಹಿಡಿಯಬಹುದು. ಮುಖ್ಯ ಪರೀಕ್ಷೆ ಒಂದೇ. ಅದು ಫೇಲ್ ಆದಾಗ ಯಾವ ರೀತಿ ಫೇಲ್ ಆಯಿತು ಅಂತ ನೋಡಿದರೆ ತೊಂದರೆ ಎಲ್ಲಿದೆ ಅಂತಲೂ ಗೊತ್ತಾಗುತ್ತದೆ. ನನಗೆ ಈ ಎರಡನೇ ಭಾಗವೇ ಹೆಚ್ಚು ಉಪಯೋಗದ್ದು ಅನಿಸುತ್ತದೆ.

ಮುಖ್ಯ ಪರೀಕ್ಷೆ: ಎಡಗಡೆ ಗುಣಿಸಿ, ಬಲಗಡೆ ಕಳೆಯಿರಿ

ಎಕ್ಸ್ ಅನ್ನು ಒಂದೇ ಸಂಖ್ಯೆಯಿಂದ ಗುಣಿಸಿದಾಗಲೆಲ್ಲ ವೈಗೆ ಒಂದೇ ಮೊತ್ತ ಸೇರಬೇಕು. ಎಕ್ಸ್ 1ರಿಂದ 2 ಆಗಲಿ, 5ರಿಂದ 10 ಆಗಲಿ, ಎರಡು ಪಟ್ಟು ಆಯಿತು ಅಂದರೆ ವೈಯಲ್ಲಿ ಏರಿಕೆ ಅಷ್ಟೇ ಇರಬೇಕು. ಶಾಲೆಯ ಮಾತಿನಲ್ಲಿ ಹೇಳಿದರೆ, ಎಕ್ಸ್ ಗುಣೋತ್ತರ ಶ್ರೇಢಿಯಲ್ಲಿ ನಡೆಯುವಾಗ ವೈ ಸಮಾಂತರ ಶ್ರೇಢಿಯಲ್ಲಿ ನಡೆಯಬೇಕು. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಾಗ್ ಕೋಷ್ಟಕಗಳನ್ನು ಪ್ರಕಟಿಸಿದಾಗ ಹಿಡಿದುಕೊಂಡಿದ್ದು ಇದನ್ನೇ. ದೊಡ್ಡ ದೊಡ್ಡ ಗುಣಾಕಾರವನ್ನು ಸುಮ್ನೆ ಕೂಡಿಸಿ ಮುಗಿಸುವುದು ಅವನಿಗೆ ಬೇಕಾಗಿತ್ತು.

ಈ ಟೇಬಲ್ ನೋಡಿ:

ಎಕ್ಸ್: 1, 2, 3, 4, 5, 6, 7, 8, 9, 10
ವೈ: 1.00, 2.39, 3.20, 3.77, 4.22, 4.58, 4.89, 5.16, 5.39, 5.61

ಹೆಚ್ಚಿನವರು ಪಕ್ಕಪಕ್ಕದ ಸಾಲುಗಳನ್ನು ಕಳೆಯುತ್ತಾರೆ. 1.39, 0.81, 0.57, 0.45 ಅಂತ ಬರುತ್ತದೆ. ಕಡಿಮೆ ಆಗುತ್ತಿದೆ, ಸರಿ. ಅದರಿಂದ ಏನೂ ತೀರ್ಮಾನ ಆಗುವುದಿಲ್ಲ. ಪಕ್ಕದ ಸಾಲು ಬಿಡಿ, ಎರಡು ಪಟ್ಟು ಆಗುವ ಸಾಲುಗಳನ್ನು ಹೆಕ್ಕಿ:

1ರಿಂದ 2: 1.39
2ರಿಂದ 4: 1.38
3ರಿಂದ 6: 1.38
4ರಿಂದ 8: 1.39
5ರಿಂದ 10: 1.39

ಈಗ ಮೂರು ಪಟ್ಟು ನೋಡಿ. 1ರಿಂದ 3ಕ್ಕೆ 2.20, 2ರಿಂದ 6ಕ್ಕೆ 2.19, 3ರಿಂದ 9ಕ್ಕೆ 2.19. ಎರಡೂ ಕಡೆ ಪಾಸ್. ಇದು ಲಾಗ್ ಟೇಬಲ್ಲೇ. ನಾನು ಇದನ್ನು ಮಾಡಿದ್ದು ವೈ = 1 + 2 × (ಎಕ್ಸ್‌ನ ಸ್ವಾಭಾವಿಕ ಲಾಗ್, ಅಂದರೆ ಕ್ಯಾಲ್ಕುಲೇಟರ್‌ನ ln ಬಟನ್ ಕೊಡುವುದು) ಅಂತ ಇಟ್ಟುಕೊಂಡು.

1.38 ಮತ್ತು 1.39 ಬೇರೆ ಬೇರೆ ಅಲ್ವಾ ಅಂತ ಕೇಳಬಹುದು. ವೈಯನ್ನು ಎರಡು ದಶಮಾಂಶಕ್ಕೆ ರೌಂಡ್ ಆಫ್ ಮಾಡಿದ್ದರೆ ಪ್ರತಿ ಬೆಲೆಯಲ್ಲೂ 0.005ರವರೆಗೆ ತಪ್ಪಿರಬಹುದು. ಎರಡು ಬೆಲೆ ಕಳೆದಾಗ ಅದು 0.01ರವರೆಗೆ ಹೋಗಬಹುದು. ಅಂಥ ಎರಡು ವ್ಯತ್ಯಾಸಗಳನ್ನು ಹೋಲಿಸಿದಾಗ 0.02ರವರೆಗೆ ಅಂತರ ಬಂದರೂ ಗಾಬರಿ ಬೇಡ. ಆದರೆ ಆ ಅಂತರ ಅಲ್ಲೊಂದು ಇಲ್ಲೊಂದು ಬರಬೇಕು, ಒಂದೇ ದಿಕ್ಕಿನಲ್ಲಿ ಬೆಳೆಯುತ್ತಾ ಹೋಗಬಾರದು. ಲ್ಯಾಬ್‌ನಲ್ಲಿ ಅಳೆದ ಬೆಲೆಗಳಾದರೆ ಉಪಕರಣದ ತಪ್ಪನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಇನ್ನೊಂದು ಮಾತು. ಎರಡೇ ಸಾಲು ಇಟ್ಟುಕೊಂಡು ಯಾವ ತೀರ್ಮಾನಕ್ಕೂ ಬರಬೇಡಿ. ಎರಡು ಬಿಂದುಗಳ ಮೂಲಕ ಸರಳ ರೇಖೆಯೂ ಹೋಗುತ್ತದೆ, ಲಾಗ್ ಕೂಡ ಹೋಗುತ್ತದೆ. ಮೂರು ಸಾಲು ಅಂದರೆ ಒಂದೇ ಒಂದು ಪರೀಕ್ಷೆ. ಅದೂ ಸಾಲುವುದಿಲ್ಲ ಅಂತ ಮುಂದೆ ಕೆಪಾಸಿಟರ್ ತೋರಿಸಿಕೊಡುತ್ತದೆ.

ವ್ಯತ್ಯಾಸ ಬೆಳೆಯುತ್ತಾ ಹೋದರೆ

ಪಿಯು ಲ್ಯಾಬ್‌ನ ಸರಳ ಲೋಲಕ ಎಲ್ಲರಿಗೂ ಗೊತ್ತಿರುವುದೇ. ದಾರದ ಉದ್ದ ಸೆಂಟಿಮೀಟರ್‌ನಲ್ಲಿ, ಒಂದು ಪೂರ್ತಿ ಆಂದೋಲನಕ್ಕೆ ಬೇಕಾದ ಸಮಯ ಸೆಕೆಂಡಿನಲ್ಲಿ, ಸೂತ್ರದ ಪ್ರಕಾರ ಹೀಗೆ ಬರುತ್ತದೆ:

ಉದ್ದ: 25, 50, 100, 200
ಸಮಯ: 1.00, 1.42, 2.01, 2.84

ಗ್ರಾಫ್ ಹಾಕಿದರೆ ನಿಧಾನವಾಗಿ ಬಾಗುತ್ತದೆ, ನೋಡಲು ಲಾಗ್ ತರಹವೇ. ಎರಡು ಪಟ್ಟಿನ ಪರೀಕ್ಷೆ ಮಾಡಿ: 0.42, 0.59, 0.83. ಒಂದೇ ಇಲ್ಲ, ಬೆಳೆಯುತ್ತಲೇ ಇದೆ. ಇದು ಲಾಗ್ ಅಲ್ಲ.

ಹಾಗಾದರೆ ಏನು? ಆ ವ್ಯತ್ಯಾಸಗಳನ್ನೇ ಒಂದರಿಂದ ಒಂದು ಭಾಗಿಸಿ. 0.59 ಭಾಗಿಸು 0.42 ಅಂದರೆ 1.40. 0.83 ಭಾಗಿಸು 0.59 ಅಂದರೆ 1.41. ಇದು 2ರ ವರ್ಗಮೂಲ, 1.414. ಅಂದರೆ ಎಕ್ಸ್‌ನ ವರ್ಗಮೂಲದ ಜೊತೆ ವೈ ಬೆಳೆಯುತ್ತಿದೆ. ಸಮಯವನ್ನೇ ನೇರವಾಗಿ ಭಾಗಿಸಿದರೂ 1.42, 1.42, 1.41 ಅಂತ ಅದೇ ಬರುತ್ತದೆ. ಆದರೆ ವೈಗೆ ಯಾವುದೋ ಸ್ಥಿರ ಸಂಖ್ಯೆ ಸೇರಿಕೊಂಡಿದ್ದರೆ ನೇರ ಭಾಗಾಕಾರ ಕೈಕೊಡುತ್ತದೆ, ವ್ಯತ್ಯಾಸಗಳ ಭಾಗಾಕಾರ ಕೈಕೊಡುವುದಿಲ್ಲ. ಅದಕ್ಕೇ ವ್ಯತ್ಯಾಸದ ದಾರಿಯನ್ನೇ ಅಭ್ಯಾಸ ಮಾಡಿಕೊಳ್ಳಿ ಅನ್ನುತ್ತೇನೆ. ಆ ಅನುಪಾತ ಸರಿಯಾಗಿ 2 ಬಂದರೆ ನಿಮ್ಮ ಟೇಬಲ್ ಸರಳ ರೇಖೆ. 1 ಬಂದರೆ ಲಾಗ್.

ವ್ಯತ್ಯಾಸ ಕುಗ್ಗುತ್ತಾ ಹೋದರೆ

10 ವೋಲ್ಟ್ ಸಪ್ಲೈ, 10 ಸೆಕೆಂಡ್ ಟೈಮ್ ಕಾನ್‌ಸ್ಟೆಂಟ್ (ವೋಲ್ಟೇಜ್ ಸಪ್ಲೈಯ ಸುಮಾರು 63% ತಲುಪಲು ಬೇಕಾದ ಸಮಯ) ಇರುವ ಕೆಪಾಸಿಟರ್ ಸರ್ಕ್ಯೂಟ್ ತೆಗೆದುಕೊಳ್ಳಿ.

ಸೆಕೆಂಡ್: 5, 10, 20, 40, 80
ವೋಲ್ಟ್: 3.93, 6.32, 8.65, 9.82, 10.00

5ರಿಂದ 10ಕ್ಕೆ 2.39. 10ರಿಂದ 20ಕ್ಕೆ 2.33. ಅಳತೆಯ ತಪ್ಪು ಇರಬಹುದು ಬಿಡಿ, ಲಾಗೇ ಅಂತ ಇಲ್ಲಿಗೆ ನಿಲ್ಲಿಸುವವರು ಇದ್ದಾರೆ. ಮುಂದಿನದನ್ನು ನೋಡಿ: 20ರಿಂದ 40ಕ್ಕೆ 1.17, 40ರಿಂದ 80ಕ್ಕೆ ಬರೀ 0.18. ಮೊದಲ ಮೂರು ಸಾಲು ಕೊಟ್ಟ ಭರವಸೆ ಪೂರ್ತಿ ಸುಳ್ಳು. ಮೂರೇ ಸಾಲಿನ ಟೇಬಲ್ ಕೊಟ್ಟು "ಯಾವ ಫಂಕ್ಷನ್?" ಅಂತ ಕೇಳುವುದು ಯಾಕೆ ಸರಿಯಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಲ್ಲಿ ಇನ್ನೆರಡು ಸುಳಿವು ಇವೆ. ವೈ 10ನ್ನು ದಾಟುವುದೇ ಇಲ್ಲ. ಲಾಗ್‌ಗೆ ಇಂಥ ಮೇಲಿನ ಗಡಿ ಇಲ್ಲ, ಎಷ್ಟೇ ನಿಧಾನ ಆದರೂ ಎಕ್ಸ್ ಎರಡು ಪಟ್ಟು ಆದಾಗಲೆಲ್ಲ ಅಷ್ಟೇ ಏರಿಕೆ ಕೊಟ್ಟೇ ಕೊಡುತ್ತದೆ. ಎರಡನೆಯದು, ಸೊನ್ನೆ ಸೆಕೆಂಡಿನಲ್ಲಿ ವೋಲ್ಟೇಜ್ ಸೊನ್ನೆ, ಅದು ನೆಟ್ಟಗೆ ಅಳೆಯಬಹುದಾದ ಬೆಲೆ. ಸೊನ್ನೆಗೆ ಲಾಗ್ ಇಲ್ಲ.

ಎಕ್ಸ್ ಕಾಲಂ ಅಡ್ಡಾದಿಡ್ಡಿ ಇದ್ದಾಗ

3, 5, 11, 20, 47 ಅಂತ ಇದ್ದರೆ ಎರಡು ಪಟ್ಟಿನ ಜೋಡಿ ಸಿಗುವುದಿಲ್ಲ. ಆಗ ಕ್ಯಾಲ್ಕುಲೇಟರ್ ತೆಗೆಯಿರಿ. ಪಕ್ಕಪಕ್ಕದ ಎರಡು ಸಾಲಿಗೆ, ವೈಯ ವ್ಯತ್ಯಾಸವನ್ನು ಎಕ್ಸ್‌ನ ಲಾಗ್‌ಗಳ ವ್ಯತ್ಯಾಸದಿಂದ ಭಾಗಿಸಿ.

ಎಕ್ಸ್: 3, 5, 11, 20, 47
ವೈ: 3.20, 4.22, 5.80, 6.99, 8.70

ಮೊದಲ ಜೋಡಿಯನ್ನು ಪೂರ್ತಿ ಮಾಡಿ ತೋರಿಸುತ್ತೇನೆ. 5ರ ಸ್ವಾಭಾವಿಕ ಲಾಗ್ 1.6094, 3ರದ್ದು 1.0986, ವ್ಯತ್ಯಾಸ 0.5108. ವೈಯ ವ್ಯತ್ಯಾಸ 1.02. ಭಾಗಿಸಿದರೆ 2.00. ಉಳಿದ ಮೂರು ಜೋಡಿಗೆ 2.00, 1.99, 2.00 ಬರುತ್ತದೆ. ಎಲ್ಲ ಒಂದೇ, ಲಾಗ್ ಹೌದು.

10ರ ಆಧಾರದ ಲಾಗ್ (ಸಂಖ್ಯೆ 10ರ ಎಷ್ಟನೇ ಘಾತ ಅಂತ ಹೇಳುವ ಲಾಗ್) ಬಳಸಿದರೆ 2ರ ಬದಲು ಸುಮಾರು 4.6 ಬರುತ್ತದೆ, ಅಷ್ಟೇ ವ್ಯತ್ಯಾಸ. ತೀರ್ಪು ಬದಲಾಗುವುದಿಲ್ಲ. "ಯಾವ ಆಧಾರ ಬಳಸಲಿ" ಅಂತ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಒಂದೇ ಕಾಲಂನಲ್ಲಿ ಅರ್ಧ ಒಂದು ಆಧಾರ, ಅರ್ಧ ಇನ್ನೊಂದು ಬೆರೆಸಿದರೆ ಎಲ್ಲ ಕೆಡುತ್ತದೆ. ಇದು ನಿಜಕ್ಕೂ ಆಗುವ ತಪ್ಪು. ಎಕ್ಸೆಲ್‌ನ ಶೀಟ್‌ನಲ್ಲಿ ಸುಮ್ನೆ "ಲಾಗ್" ಅಂತ ಕೊಟ್ಟರೆ 10ರ ಆಧಾರ, ಪೈಥಾನ್‌ನ ಮ್ಯಾಥ್ ಮಾಡ್ಯೂಲ್‌ನಲ್ಲಿ ಅದೇ ಹೆಸರು ಕೊಟ್ಟರೆ ಸ್ವಾಭಾವಿಕ ಲಾಗ್. ಎರಡು ಕಡೆಯಿಂದ ಲೆಕ್ಕ ತಂದು ಅಂಟಿಸಿದ್ದರೆ ಮೊದಲು ಇದನ್ನು ನೋಡಿ.

ಒಂದೇ ಒಂದು ಸಾಲು ಕೈಕೊಟ್ಟರೆ

ಮೇಲಿನ ಮೊದಲ ಟೇಬಲ್‌ನಲ್ಲಿ ಎಕ್ಸ್ 4ಕ್ಕೆ 3.77ರ ಬದಲು ಯಾರೋ 3.97 ಅಂತ ಟೈಪ್ ಮಾಡಿದ್ದಾರೆ ಅಂದುಕೊಳ್ಳಿ. ಪರೀಕ್ಷೆ ಮಾಡಿದಾಗ 1ರಿಂದ 2ಕ್ಕೆ 1.39, 2ರಿಂದ 4ಕ್ಕೆ 1.58, 4ರಿಂದ 8ಕ್ಕೆ 1.19, ಉಳಿದವೆಲ್ಲ 1.38 ಅಥವಾ 1.39.

ಇಲ್ಲಿ ಟೇಬಲ್ಲನ್ನೇ ಬಿಸಾಡಬೇಡಿ. ಕೆಟ್ಟಿರುವ ಎರಡೂ ವ್ಯತ್ಯಾಸಗಳಲ್ಲಿ 4 ಇದೆ. ಒಂದರಲ್ಲಿ 0.19 ಜಾಸ್ತಿ, ಇನ್ನೊಂದರಲ್ಲಿ 0.20 ಕಡಿಮೆ. ಎರಡನ್ನೂ ಕೂಡಿದರೆ 2.77, ಅಂದರೆ ಎರಡು ಸಲ 1.39ಕ್ಕೆ ಹತ್ತಿರ ಹತ್ತಿರ. ತಪ್ಪು ಬೆಲೆ ಒಂದು ಕಡೆ ಎಷ್ಟು ಏರಿಸುತ್ತದೋ ಇನ್ನೊಂದು ಕಡೆ ಅಷ್ಟೇ ಇಳಿಸುತ್ತದೆ. ಈ ಗುರುತು ಕಂಡರೆ ತಪ್ಪು ಇರುವುದು ಆ ಒಂದು ಸಾಲಿನಲ್ಲೇ. ಮೂಲ ಬರಹಕ್ಕೆ ಹೋಗಿ ಆ ಅಂಕಿ ನೋಡಿ, ಅಥವಾ ಆ ಒಂದು ಅಳತೆಯನ್ನು ಮತ್ತೆ ತೆಗೆಯಿರಿ. ಮನಸ್ಸಿಗೆ ಬಂದ ಹಾಗೆ ತಿದ್ದಬೇಡಿ, ದಯವಿಟ್ಟು. ಲೆಕ್ಕ ಸರಿ ಹೋಗಲಿ ಅಂತ ಅಳತೆಯನ್ನು ಬದಲಾಯಿಸಿದರೆ ಪರೀಕ್ಷೆ ಮಾಡಿದ್ದಕ್ಕೆ ಅರ್ಥವೇ ಇಲ್ಲ.

7ರಂಥ ಸಾಲಿಗೆ ಈ ಟೇಬಲ್‌ನಲ್ಲಿ ಎರಡು ಪಟ್ಟಿನ ಜೋಡಿ ಇಲ್ಲ. ಅದು ತಪ್ಪಿದ್ದರೂ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಅದಕ್ಕೆ ಹಿಂದಿನ ಭಾಗದ ಭಾಗಾಕಾರವೇ ಬೇಕು.

ಎಕ್ಸ್‌ನಲ್ಲಿ ಸೊನ್ನೆ ಅಥವಾ ಮೈನಸ್ ಇದ್ದರೆ

ಮೊದಲು ಒಂದು ಗೊಂದಲ ಬಿಡಿಸೋಣ. ವೈ ಮೈನಸ್ ಆಗಿದ್ದರೆ ಏನೂ ತೊಂದರೆ ಇಲ್ಲ. ವೈ ಇಳಿಯುತ್ತಿದ್ದರೂ ತೊಂದರೆ ಇಲ್ಲ, ವ್ಯತ್ಯಾಸಗಳು ಒಂದೇ ಮೈನಸ್ ಸಂಖ್ಯೆ ಆಗಿದ್ದರೆ ಸಾಕು. ತೊಂದರೆ ಇರುವುದು ಎಕ್ಸ್‌ನಲ್ಲಿ ಮಾತ್ರ. ಸೊನ್ನೆ ಅಥವಾ ಮೈನಸ್ ಎಕ್ಸ್ ಇದ್ದರೆ ಅದು ಸಾದಾ ಲಾಗ್ ಅಲ್ಲ. ಆದರೆ ಪಕ್ಕಕ್ಕೆ ಸರಿದಿರುವ ಲಾಗ್ ಆಗಿರಬಹುದು.

ಎಕ್ಸ್: −2, −1, 1, 5, 13
ವೈ: 0, 1, 2, 3, 4

ವೈ ಒಂದೊಂದೇ ಏರುತ್ತಿದೆ. ಎಕ್ಸ್‌ನ ಅಂತರಗಳನ್ನು ನೋಡಿ: 1, 2, 4, 8. ಪ್ರತಿ ಸಲ ಎರಡು ಪಟ್ಟು. ಎಲ್ಲ ಎಕ್ಸ್‌ಗೂ 3 ಕೂಡಿಸಿ: 1, 2, 4, 8, 16. ಇದು ಎಕ್ಸ್ ಕೂಡಿಸು 3ರ ಲಾಗ್, ಆಧಾರ 2.

ಎಷ್ಟು ಕೂಡಿಸಬೇಕು ಅಂತ ಊಹೆ ಮಾಡುವುದು ಬೇಡ. ವೈ ಸಮ ಅಂತರದಲ್ಲಿ ಇರುವ ಮೂರು ಸಾಲು ಹಿಡಿಯಿರಿ. ನಡುವಿನ ಎಕ್ಸ್‌ನ ವರ್ಗದಿಂದ ಆಚೀಚಿನ ಎರಡರ ಗುಣಲಬ್ಧ ಕಳೆಯಿರಿ. ಅದನ್ನು, ಆಚೀಚಿನ ಎರಡರ ಮೊತ್ತದಿಂದ ನಡುವಿನದರ ಎರಡರಷ್ಟು ಕಳೆದು ಬಂದದ್ದರಿಂದ ಭಾಗಿಸಿ. −1, 1, 5 ಹಿಡಿದರೆ ಮೇಲೆ 1 + 5 = 6, ಕೆಳಗೆ 4 − 2 = 2, ಉತ್ತರ 3. ಬೇರೆ ಮೂರು ಸಾಲು ಹಿಡಿದು ಮತ್ತೊಮ್ಮೆ ಮಾಡಿ. ಅದೇ ಉತ್ತರ ಬರಬೇಕು, ಬರದಿದ್ದರೆ ಅದು ಸರಿದ ಲಾಗ್ ಅಲ್ಲ.

ಸೊನ್ನೆ, ಮೈನಸ್ ಏನೂ ಇಲ್ಲದೆಯೂ ಲಾಗ್ ಸರಿದಿರಬಹುದು, ಅದನ್ನು ಹಿಡಿಯುವುದು ಇನ್ನೂ ಕಷ್ಟ. ಅಕಾರಾದಿಯಾಗಿ ಜೋಡಿಸಿದ ಹೆಸರುಗಳ ಪಟ್ಟಿಯಲ್ಲಿ ಒಂದು ಹೆಸರು ಹುಡುಕಬೇಕು. ನಡುವಿನ ಹೆಸರು ನೋಡಿ, ಬೇಡದ ಅರ್ಧ ಬಿಟ್ಟು, ಉಳಿದ ಅರ್ಧದ ನಡುವಿನದನ್ನು ನೋಡಿ ಹೀಗೆ ಹೋದರೆ ಹೆಚ್ಚೆಂದರೆ ಎಷ್ಟು ಹೆಸರು ನೋಡಬೇಕಾಗುತ್ತದೆ? ಪಟ್ಟಿಯಲ್ಲಿ 1, 3, 7, 15, 31 ಹೆಸರು ಇದ್ದರೆ ಉತ್ತರ 1, 2, 3, 4, 5. ಲಾಗ್‌ಗಳ ವ್ಯತ್ಯಾಸದಿಂದ ಭಾಗಿಸಿ ನೋಡಿದರೆ, ಆಧಾರ 2 ಇಟ್ಟುಕೊಂಡು, 0.63, 0.82, 0.91, 0.95 ಬರುತ್ತದೆ. ಒಂದೇ ಇಲ್ಲ. ಆದರೆ ಬೆಳೆಯುತ್ತಾ 1ರ ಹತ್ತಿರ ಹೋಗಿ ನಿಲ್ಲುವ ಹಾಗಿದೆ. ಆರಂಭದಲ್ಲಿ ಜೋರು ತಪ್ಪು, ಮುಂದೆ ಹೋದಂತೆ ಸರಿ, ಈ ಮಾದರಿ ಕಂಡರೆ ಸರಿದ ಲಾಗ್ ಅಂತ ಅನುಮಾನ ಪಡಿ. ಇಲ್ಲಿ 1 ಕೂಡಿಸಿದರೆ 2, 4, 8, 16, 32 ಆಗಿ ಎಲ್ಲ ಸರಿ ಹೋಗುತ್ತದೆ. ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿದ ಟೇಬಲ್‌ಗಳಲ್ಲೂ ಇದೇ ಕಾಯಿಲೆ, ಇದೇ ಮದ್ದು.

ಕಾಲಂ ಅದಲು ಬದಲಾದಾಗ

ಹಾರ್ಮೋನಿಯಂನಲ್ಲಿ 220 ಹರ್ಟ್ಸ್ ಸ್ವರದಿಂದ 12 ಕೀ ಮೇಲೆ ಹೋದರೆ 440, 24 ಕೀ ಹೋದರೆ 880. ಕೀ ಎಕ್ಸ್, ಹರ್ಟ್ಸ್ ವೈ ಆದರೆ ಇದು ಘಾತೀಯ ಫಂಕ್ಷನ್: ಎಡಗಡೆ ಕೂಡಿದರೆ ಬಲಗಡೆ ಗುಣಿಸುತ್ತದೆ. ಹರ್ಟ್ಸ್ ಎಕ್ಸ್, ಕೀ ವೈ ಆದರೆ ಲಾಗ್. ಅಂಕಿಗಳು ಅವೇ. ಪ್ರಶ್ನೆಯಲ್ಲಿ ಯಾವುದು ಕೊಟ್ಟದ್ದು, ಯಾವುದು ಕಂಡುಹಿಡಿಯಬೇಕಾದ್ದು ಅಂತ ಓದಿಕೊಳ್ಳಿ, ಅಷ್ಟೇ.

ಎಕ್ಸೆಲ್ ಹೇಳಿತು ಅಂತ ನಂಬಬೇಡಿ

ಟ್ರೆಂಡ್‌ಲೈನ್‌ನಲ್ಲಿ "ಲಾಗರಿದಮಿಕ್" ಆರಿಸಿ, ಆರ್ ಸ್ಕ್ವೇರ್ಡ್ (ಗೆರೆ ಬಿಂದುಗಳಿಗೆ ಎಷ್ಟು ಹೊಂದುತ್ತದೆ ಅಂತ ಹೇಳುವ ಅಂಕಿ, ಪೂರ್ತಿ ಹೊಂದಿದರೆ 1) 0.97 ಬಂತು, ಮುಗೀತು ಅನ್ನುವುದು ಬಹಳ ಕಾಣುವ ವಾದ. 1ರಿಂದ 10ರವರೆಗಿನ ಶುದ್ಧ ವರ್ಗಮೂಲಗಳ ಟೇಬಲ್‌ಗೆ ಲಾಗ್ ಹೊಂದಿಸಿದರೂ ಆರ್ ಸ್ಕ್ವೇರ್ಡ್ 0.97 ಬರುತ್ತದೆ! ಆ ಅಂಕಿಗೆ ಲಾಗ್ ಮತ್ತು ವರ್ಗಮೂಲದ ನಡುವೆ ಭೇದ ಮಾಡುವ ಶಕ್ತಿ ಇಲ್ಲ. ಅದರ ಬದಲು ಟ್ರೆಂಡ್‌ಲೈನ್‌ನಿಂದ ಪ್ರತಿ ಬಿಂದು ಎಷ್ಟು ಮೇಲೆ ಅಥವಾ ಕೆಳಗೆ ಇದೆ ಅಂತ ನೋಡಿ. ಈ ವರ್ಗಮೂಲದ ಟೇಬಲ್‌ನಲ್ಲಿ 1 ಗೆರೆಯ ಮೇಲೆ, 2ರಿಂದ 7ರವರೆಗೆ ಎಲ್ಲ ಕೆಳಗೆ, 8ರಿಂದ 10 ಮತ್ತೆ ಮೇಲೆ. ಹೀಗೆ ಗುಂಪು ಗುಂಪಾಗಿ ಮೇಲೆ ಕೆಳಗೆ ಬಂದರೆ ಆಕಾರವೇ ತಪ್ಪು ಅಂತ ಅರ್ಥ. ಬರೀ ಅಳತೆಯ ತಪ್ಪಾಗಿದ್ದರೆ ಮೇಲೆ ಕೆಳಗೆ ಬೆರೆತುಕೊಂಡು ಬರುತ್ತಿತ್ತು.

ಇನ್ನೊಂದು ಕಿತಾಪತಿ ಚಾರ್ಟ್‌ನ ಬಗೆಯದ್ದು. ಎಕ್ಸ್ 1, 2, 4, 8, 16 ಇದ್ದು ಲೈನ್ ಚಾರ್ಟ್ ಹಾಕಿದರೆ ಎಕ್ಸೆಲ್ ಆ ಸಂಖ್ಯೆಗಳನ್ನು ಬರೀ ಹೆಸರುಗಳ ಹಾಗೆ ಸಮ ಅಂತರದಲ್ಲಿ ಇಡುತ್ತದೆ. ನಿಜವಾದ ಲಾಗ್ ಟೇಬಲ್ ನೆಟ್ಟಗೆ ಸರಳ ರೇಖೆಯಾಗಿ ಕಾಣುತ್ತದೆ. ನೀವು "ರೇಖೀಯ" ಅಂತ ಬರೆಯುತ್ತೀರಿ, ತಪ್ಪಾಗುತ್ತದೆ. ಯಾವಾಗಲೂ ಸ್ಕ್ಯಾಟರ್ ಚಾರ್ಟ್ ಹಾಕಿ.

ಟೇಬಲ್‌ನ ವ್ಯಾಪ್ತಿ

ಎಕ್ಸ್ 100ರಿಂದ 110ರವರೆಗೆ ಮಾತ್ರ ಇದ್ದರೆ ಸ್ವಾಭಾವಿಕ ಲಾಗ್ 4.605ರಿಂದ 4.700ಕ್ಕೆ ಹೋಗುತ್ತದೆ, ಎರಡೆರಡು ಹೆಜ್ಜೆಗೆ 0.018ರಿಂದ 0.020 ಏರಿಕೆ. ಎರಡು ದಶಮಾಂಶಕ್ಕೆ ಬರೆದರೆ ಸರಳ ರೇಖೆಗೂ ಇದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಇಂಥ ಟೇಬಲ್‌ಗೆ "ಹೇಳಲು ಬರುವುದಿಲ್ಲ" ಅನ್ನುವುದೇ ಸರಿಯಾದ ಉತ್ತರ. ಎಕ್ಸ್ ಕನಿಷ್ಠ ಹತ್ತು ಪಟ್ಟಾದರೂ ಹರಡಿರಬೇಕು ಅನ್ನುವುದು ನನ್ನ ಅಂದಾಜು, ನೂರು ಪಟ್ಟು ಇದ್ದರೆ ಇನ್ನೂ ಒಳ್ಳೆಯದು.

ಆದರೆ ಜಾಸ್ತಿ ಹರಡಿದಾಗ ಬೇರೆಯದೇ ಸಂಗತಿ ಕಾಣಿಸಬಹುದು. ಹೈಡ್ರೋಕ್ಲೋರಿಕ್ ಆಮ್ಲವನ್ನು ನೀರಿನಲ್ಲಿ ಹತ್ತು ಪಟ್ಟು, ಮತ್ತೆ ಹತ್ತು ಪಟ್ಟು ತೆಳು ಮಾಡುತ್ತಾ ಹೋದರೆ ಲೆಕ್ಕದ ಪ್ರಕಾರ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ (ದ್ರಾವಣ ಎಷ್ಟು ಆಮ್ಲೀಯ ಅನ್ನುವ ಅಳತೆ, 7ಕ್ಕಿಂತ ಕಡಿಮೆ ಅಂದರೆ ಆಮ್ಲ) ಹೀಗೆ ಬರುತ್ತದೆ:

ಲೀಟರಿಗೆ 0.001 ಮೋಲ್: 3.00
0.0001: 4.00
0.00001: 5.00
0.000001: 6.00
0.0000001: 6.79
0.00000001: 6.98

ಮೊದಲ ನಾಲ್ಕು ಸಾಲು ಅಚ್ಚುಕಟ್ಟಾದ ಲಾಗ್, ಪ್ರತಿ ಸಲ 1. ಐದನೆಯದರಲ್ಲಿ 0.79, ಆರನೆಯದರಲ್ಲಿ 0.19. ಇಲ್ಲಿ ಟೈಪಿಂಗ್ ತಪ್ಪಿಲ್ಲ, ಲೆಕ್ಕದ ತಪ್ಪೂ ಇಲ್ಲ. ನೀರು ತನ್ನಷ್ಟಕ್ಕೆ ತಾನೇ ಲೀಟರಿಗೆ 0.0000001 ಮೋಲ್‌ನಷ್ಟು ಹೈಡ್ರೋಜನ್ ಅಯಾನು ಕೊಡುತ್ತದೆ. ಆಮ್ಲ ಅದಕ್ಕಿಂತ ಜಾಸ್ತಿ ಇರುವವರೆಗೆ ನೀರಿನ ಪಾಲು ಲೆಕ್ಕಕ್ಕೆ ಬರುವುದಿಲ್ಲ, ಆಮ್ಲ ಆ ಮಟ್ಟಕ್ಕೆ ಇಳಿದ ಮೇಲೆ ನೀರಿನದ್ದೇ ಮೇಲುಗೈ. ಎಷ್ಟು ತೆಳು ಮಾಡಿದರೂ ಆಮ್ಲದ ದ್ರಾವಣ 7ನ್ನು ದಾಟಿ ಪ್ರತ್ಯಾಮ್ಲ ಆಗುವುದಿಲ್ಲ. ಪಿಎಚ್ ಆಗಲೂ ಲಾಗೇ, ಆದರೆ ಒಟ್ಟು ಹೈಡ್ರೋಜನ್ ಅಯಾನಿನ ಲಾಗ್, ನೀವು ಹಾಕಿದ ಆಮ್ಲದ್ದಲ್ಲ. ಎಡಗಡೆ ಕಾಲಂನಲ್ಲಿ ಆಮ್ಲದ ಬದಲು ಒಟ್ಟು ಅಯಾನಿನ ಪ್ರಮಾಣ ಬರೆಯಿರಿ, ಆರೂ ಸಾಲು ಪರೀಕ್ಷೆಯಲ್ಲಿ ಪಾಸ್ ಆಗುತ್ತವೆ.